ಧರ್ಮಸಂಸ್ಥೆಗಳೂ ದುಡಿಯುವವರ ಕಾನೂನೂ

(ಕುಂದಲಹಳ್ಳಿಯಲ್ಲಿ ಸೇರಿದ್ದ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಪಾಳಿ ಮುಗಿಸಿ ನೇರವಾಗಿ ಮನೆ ಸೇರಬೇಕಾದವರು ಇಲ್ಲಿ ಬಂದು ಕುಳಿತಿದ್ದೀರಿ. ಅಂಗಡಿಯವರು ಒಳ್ಳೆಯ ವ್ಯಾಪಾರದ ಹೊತ್ತಿನಲ್ಲಿ ಬಾಗಿಲನ್ನು ಅರ್ಧ ಎಳೆದು ಬಂದಿದ್ದೀರಿ. ಆದ್ದರಿಂದ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ಕೆಲವು ದಿನಗಳ ಹಿಂದೆ ಒಬ್ಬ ಹೆಣ್ಣುಮಗಳು ನಮ್ಮ ಬಳಿಗೆ ಬಂದಳು. ಈ ಸೀಮೆಯ ಒಂದು ಶಾಲೆಯಲ್ಲಿ ಹದಿನಾಲ್ಕು ವರ್ಷ ಆಯಾ ಕೆಲಸ ಮಾಡಿದವಳು. ಬೆಳಗ್ಗೆ ಏಳಕ್ಕೆ ಗೇಟಿನೊಳಗೆ ಹೋದರೆ ಮಕ್ಕಳ ಮೂಗು ಒರೆಸಿ, ಕೋಣೆ ಗುಡಿಸಿ, ಪಾಯಿಖಾನೆ ತೊಳೆದು, ಸಂಜೆ ಐದಕ್ಕೆ ಹೊರಗೆ ಬರುತ್ತಿದ್ದವಳು. ಶಾಲೆಯನ್ನು ನಡೆಸುವುದು ಒಂದು ಕ್ರೈಸ್ತ ಧಾರ್ಮಿಕ ಸಂಸ್ಥೆ. ೨೦೨೫ರ ಏಪ್ರಿಲಿನಲ್ಲಿ, ಬೇಸಿಗೆ ರಜ ಬಿಟ್ಟ ದಿನ, ಜೂನಿನಿಂದ ಬರುವುದು ಬೇಡ ಎಂದರು. ಒಂದು ಸೀರೆ, ಒಂದು ಬುಟ್ಟಿ ಹಣ್ಣು, ಜೊತೆಗೆ ಆಶೀರ್ವಾದ ಕೊಟ್ಟರು. ತನಗೆ ಬರಬೇಕಾದ ಹಣದ ಮಾತನ್ನು ಆಕೆ ಅಂಜುತ್ತ ಎತ್ತಿದಾಗ, "ಅಮ್ಮಾ, ಇದು ದೇವರ ಸೇವೆ. ಇಲ್ಲಿ ಕಂಪೆನಿಯ ಲೆಕ್ಕ ನಡೆಯುವುದಿಲ್ಲ" ಎಂಬ ಉತ್ತರ ಬಂತು.

ಆ ಸಂಸ್ಥೆಯ ಹೆಸರನ್ನು ನಾವು ಹೇಳುವುದಿಲ್ಲ. ಮಾತುಕತೆ ಇನ್ನೂ ನಡೆಯುತ್ತಿದೆ. ಅದು ಒಳ್ಳೆಯ ರೀತಿಯಲ್ಲಿ ಮುಗಿಯಲಿ ಎಂಬುದೇ ನಮ್ಮ ಆಸೆ. ಆದರೆ ಆ ತಾಯಿ ನಮ್ಮನ್ನು ಕೇಳಿದ ಪ್ರಶ್ನೆಯನ್ನು ನಿಮಗೆ ಹೇಳಲೇಬೇಕು. ಆಕೆಯೂ ಅದೇ ಸಭೆಯ ವಿಶ್ವಾಸಿ. ಭಾನುವಾರ ಅದೇ ಗುಡಿಯಲ್ಲಿ ಮೊಣಕಾಲೂರುವವಳು. ತನಗೆ ಎಷ್ಟು ರೂಪಾಯಿ ಬರುತ್ತದೆ ಎಂದು ಆಕೆ ಕೇಳಲಿಲ್ಲ. "ಮೇಷ್ಟ್ರೇ, ಕೇಳಿದರೆ ಪಾಪವಾಗುತ್ತದೆಯೇ?" ಎಂದು ಕೇಳಿದಳು.

ಇವತ್ತಿನ ಮಾತೆಲ್ಲವೂ ಈ ಒಂದು ಪ್ರಶ್ನೆಗೆ ಉತ್ತರ. ಪಾಪಪುಣ್ಯಗಳನ್ನು ತೂಗಲು ನಾವು ಅರ್ಹರಲ್ಲ. ಆದರೆ ಧರ್ಮಸಂಸ್ಥೆಗಳು ತಮ್ಮಲ್ಲಿ ದುಡಿಯುವವರಿಗೆ ಏನು ಸಲ್ಲಿಸಬೇಕೆಂದು ಈ ದೇಶದ ನ್ಯಾಯಾಲಯಗಳು ಹೇಳಿವೆ, ಆ ಮಾತು ಈಗ ಯಾವ ಗಂಡಾಂತರದಲ್ಲಿದೆ ಎಂಬುದನ್ನು ನಮಗೆ ತಿಳಿದಷ್ಟು ಹೇಳುತ್ತೇವೆ.

ಇದು ಮತದ ಮೇಲಿನ ದ್ವೇಷವಲ್ಲ

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕ್ರೈಸ್ತ ಸಂಸ್ಥೆಗಳು ಈ ನಾಡಿಗೆ ಮಾಡಿರುವ ಉಪಕಾರವನ್ನು ಅಲ್ಲಗಳೆಯುವವರು ನಾವಲ್ಲ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ೧೮೮೬ರಲ್ಲಿ ಕಟ್ಟಿದವರು ಸಂನ್ಯಾಸಿನಿಯರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಶಾಲೆ ತೆರೆದರು, ಅಚ್ಚುಕೂಟ ಇಟ್ಟರು. ೨೦೦೮ರಲ್ಲಿ ಕರಾವಳಿಯಲ್ಲಿ ಚರ್ಚುಗಳ ಮೇಲೆ ದಾಳಿ ನಡೆದುದನ್ನು ನಾವು ಮರೆತಿಲ್ಲ. ಇವತ್ತು ನಾವಾಡುವ ಮಾತನ್ನು ಯಾರಾದರೂ ಎತ್ತಿಕೊಂಡು ಅಲ್ಪಸಂಖ್ಯಾತರಿಗೆ ಕಲ್ಲು ಹೊಡೆಯಲು ಬಳಸುವುದಾದರೆ, ಅಂಥವರಿಗೆ ಈ ಸಭೆಯಲ್ಲಿ ಸ್ಥಳವಿಲ್ಲ. ಚರ್ಚಿಗೆ ಹೇಳುವ ಮಾತೇ ಮಠಕ್ಕೆ, ದೇವಸ್ಥಾನಕ್ಕೆ, ದರ್ಗಾಕ್ಕೆ, ಆಶ್ರಮಕ್ಕೆ ಸಲ್ಲತಕ್ಕದ್ದು.

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಅದೇ ಬಾಸೆಲ್ ಮಿಷನ್ ೧೮೫೧ರಲ್ಲಿ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಮತಾಂತರ ಹೊಂದಿ ಜಾತಿಯಿಂದ ಹೊರದೂಡಲ್ಪಟ್ಟವರಿಗೆ ಅನ್ನದ ದಾರಿ ತೋರಿಸುವ ಸದುದ್ದೇಶ ಅದರ ಹಿಂದೆ ಇತ್ತು. ಆದರೂ ಹೆಂಚು ಮಾರಾಟವಾಗುತ್ತಿತ್ತು, ಬಟ್ಟೆ ಮಾರಾಟವಾಗುತ್ತಿತ್ತು, ಕೆಲಸದವನ ಬೆವರು ಎಲ್ಲ ಗಿರಣಿಗಳಲ್ಲಿ ಹರಿಯುವಂತೆಯೇ ಹರಿಯುತ್ತಿತ್ತು. ಪ್ರಾರ್ಥನೆ ಮಾಡಿಸುವವನೂ ಸಂಬಳ ಕೊಡುವವನೂ ಒಬ್ಬನೇ ಆದಾಗ, ಸಂಬಳ ಸಾಲದು ಎನ್ನುವವನು ಯಾರ ಮುಂದೆ ಹೋಗಿ ನಿಲ್ಲಬೇಕು? ಈ ತೊಡಕು ಇವತ್ತಿನದಲ್ಲ. ನೂರೈವತ್ತು ವರ್ಷ ಹಳೆಯದು.

ನಮ್ಮ ಪಕ್ಕದ ವೈಟ್‌ಫೀಲ್ಡೇ ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ವಸಾಹತಾಗಿ ಹುಟ್ಟಿದ ಊರು. ಅಂದು ಹೊಲ, ಹಣ್ಣಿನ ತೋಟ, ನಡುವೆ ಪ್ರಾರ್ಥನಾ ಮಂದಿರ. ಇಂದು ಕುಂದಲಹಳ್ಳಿಯಿಂದ ಅಲ್ಲಿಯವರೆಗೆ ಗಾಜಿನ ಕಟ್ಟಡಗಳು. ೨೦೨೩ರಿಂದ ತಲೆಯ ಮೇಲೆ ಮೆಟ್ರೋ ರೈಲು. ಜನ ಹೆಚ್ಚಿದಂತೆ ಶಾಲೆ, ಆಸ್ಪತ್ರೆ, ವಸತಿಗೃಹಗಳು ಹೆಚ್ಚಿದವು. ಅವುಗಳಲ್ಲಿ ಅನೇಕವು ಯಾವುದಾದರೊಂದು ಧರ್ಮದ ಟ್ರಸ್ಟಿಗೆ ಸೇರಿದವು. ಅಲ್ಲಿ ಕಸ ಗುಡಿಸುವವರು, ಬಸ್ಸು ಓಡಿಸುವವರು, ಅಡಿಗೆ ಮಾಡುವವರು, ಗೇಟು ಕಾಯುವವರು ನಮ್ಮ ನಿಮ್ಮ ಮನೆಯವರೇ.

ನೀರಿನ ಮಂಡಲಿಯ ಮೊಕದ್ದಮೆ

ಈ ವಿಷಯದ ದೊಡ್ಡ ತೀರ್ಪು ನಮ್ಮ ಬೆಂಗಳೂರಿನ ಮೊಕದ್ದಮೆಯಿಂದಲೇ ಹುಟ್ಟಿತೆಂಬುದು ನಿಮಗೆ ಗೊತ್ತಿರಲಿ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿಯ ಕೆಲವು ನೌಕರರಿಗೆ ಮೇಲಧಿಕಾರಿಗಳು ಜುಲ್ಮಾನೆ ಹಾಕಿ ಹಣವನ್ನು ವಸೂಲು ಮಾಡಿದರು. ನಮ್ಮ ಮಾತನ್ನು ಸರಿಯಾಗಿ ಕೇಳದೆ ದಂಡ ಹಾಕಿದ್ದಾರೆ, ಹಣ ವಾಪಸು ಕೊಡಿಸಿ ಎಂದು ನೌಕರರು ೧೯೭೨ರಲ್ಲಿ ಕೈಗಾರಿಕಾ ವಿವಾದಗಳ ಕಾನೂನಿನ ಪ್ರಕಾರ ಅರ್ಜಿ ಹಾಕಿದರು. ಮಂಡಲಿ ಕೊಟ್ಟ ಉತ್ತರವೇನು? ನಾವು ಕೈಗಾರಿಕೆಯಲ್ಲ, ಜನರಿಗೆ ನೀರು ಕೊಡುವ ಸಂಸ್ಥೆ. ಆದ್ದರಿಂದ ಆ ಕಾನೂನು ನಮಗೆ ತಗುಲದು! ನಮ್ಮ ಹೈಕೋರ್ಟು ಈ ವಾದವನ್ನು ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಮುಂದೆ ಹೋಯಿತು.

ಒಂದು ಜುಲ್ಮಾನೆಯ ವಿಷಯಕ್ಕೆ ಏಳು ಜನ ನ್ಯಾಯಮೂರ್ತಿಗಳೇಕೆ? 'ಕೈಗಾರಿಕೆ' ಎಂಬ ಒಂದೇ ಶಬ್ದದ ಮೇಲೆ ಲಕ್ಷಾಂತರ ಜನರ ಅನ್ನ ನಿಂತಿತ್ತು. ೧೯೬೦ರಲ್ಲಿ ಆಸ್ಪತ್ರೆ ಕೈಗಾರಿಕೆಯೆಂದ ಅದೇ ನ್ಯಾಯಾಲಯ, ೧೯೭೦ರಲ್ಲಿ ಸಫ್ದರ್‌ಜಂಗ್ ಆಸ್ಪತ್ರೆಯ ಮೊಕದ್ದಮೆಯಲ್ಲಿ ಅಲ್ಲವೆಂದಿತ್ತು. ಕೈಗಾರಿಕೆಯಲ್ಲವೆಂದ ಮೇಲೆ ವಜಾ ಆದವನು ಲೇಬರ್ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ.

೧೯೭೮ರ ಫೆಬ್ರವರಿ ೨೧ರಂದು ತೀರ್ಪು ಬಂತು. ಮುಖ್ಯ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ೧೯೫೭ರ ಕೇರಳದ ಮಂತ್ರಿಮಂಡಲದಲ್ಲಿ ಮಂತ್ರಿಗಳಾಗಿದ್ದು, ಬಡವನ ಅರ್ಜಿಯನ್ನು ಬಡವನ ಕಣ್ಣಿನಿಂದ ಓದಬಲ್ಲವರಾಗಿದ್ದರು. ಏಳರಲ್ಲಿ ಐವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಬಹುಮತದ ತೀರ್ಪು ಮೂರು ಗುರುತುಗಳನ್ನು ಹೇಳಿತು. ಕೆಲಸ ಕ್ರಮಬದ್ಧವಾಗಿ ನಡೆಯುತ್ತಿದೆಯೇ? ಕೆಲಸ ಕೊಡುವವನೂ ಕೆಲಸ ಮಾಡುವವನೂ ಕೂಡಿ ಅದನ್ನು ನಡೆಸುತ್ತಿದ್ದಾರೆಯೇ? ಅದರಿಂದ ಜನರ ಅಗತ್ಯದ ವಸ್ತುವೋ ಸೇವೆಯೋ ಹುಟ್ಟುತ್ತಿದೆಯೇ? ಈ ಮೂರೂ ಇದ್ದರೆ ಅದು ಕೈಗಾರಿಕೆ. ಲಾಭದ ಆಸೆ ಇದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ.

ಹಾಗಾದರೆ ದೇವರ ಕೆಲಸ? ಅದನ್ನೂ ತೀರ್ಪು ಮರೆಯಲಿಲ್ಲ. ಶುದ್ಧವಾದ ಪೂಜೆ, ಪ್ರಾರ್ಥನೆ, ಧ್ಯಾನ ಇವು ಕೈಗಾರಿಕೆಯಲ್ಲ. ಆದರೆ ಪ್ರಸಾದವನ್ನೇ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಏರ್ಪಾಡಿದ್ದರೆ ಅದು ಕೈಗಾರಿಕೆಯೇ ಎಂದಿತು. ಭಕ್ತನಿಗೆ ಲಡ್ಡು ಪ್ರಸಾದವಾಗಿರಬಹುದು. ಬೆಂಕಿಯ ಮುಂದೆ ದಿನಕ್ಕೆ ಹತ್ತು ಗಂಟೆ ನಿಂತು ಅದನ್ನು ಕಟ್ಟುವವನಿಗೆ ಅದು ಕೆಲಸ.

ಮೂರು ಬಗೆಯ ಧರ್ಮಕಾರ್ಯ

ಆ ತೀರ್ಪಿನಲ್ಲಿ ನಮಗೆ ಬೇಕಾದ ಭಾಗ ಇನ್ನೂ ಇದೆ. ಧರ್ಮಕಾರ್ಯದ ಸಂಸ್ಥೆಗಳನ್ನು ಅದು ಮೂರು ಬಗೆಯಾಗಿ ವಿಂಗಡಿಸಿತು. ಇದನ್ನು ನೆನಪಿನಲ್ಲಿಡಿ.

ಮೊದಲನೆಯದು, ಲಾಭ ಮಾಡಿ ಆ ಲಾಭವನ್ನು ದಾನಕ್ಕೆ ಬಳಸುವ ಸಂಸ್ಥೆ. ಎರಡನೆಯದು, ಲಾಭವನ್ನೇ ಮಾಡದೆ ಬಡವರಿಗೆ ಪುಕ್ಕಟೆಯಾಗಿಯೋ ಅಗ್ಗವಾಗಿಯೋ ಸೇವೆ ಒದಗಿಸುವ, ಆದರೆ ಬೇರೆ ಉದ್ಯಮಗಳಂತೆಯೇ ಸಂಬಳದ ಆಳುಗಳನ್ನಿಟ್ಟು ಕೆಲಸ ನಡೆಸುವ ಸಂಸ್ಥೆ. ಮೂರನೆಯದು, ದೀಕ್ಷೆ ತೊಟ್ಟವರು, ಧ್ಯೇಯಕ್ಕೆ ಬಾಳನ್ನು ಮುಡಿಪಿಟ್ಟವರು ತಾವೇ ಕೈಯಾರೆ ದುಡಿಯುವ, ಯಜಮಾನ-ಆಳು ಎಂಬ ಸಂಬಂಧವೇ ಇಲ್ಲದ ಸಂಸ್ಥೆ. ಮೊದಲೆರಡು ಬಗೆಯವು ಕೈಗಾರಿಕೆ, ಮೂರನೆಯದು ಅಲ್ಲ. ಅಂಥ ಆಶ್ರಮದಲ್ಲಿ ಕಸ ತೆಗೆಯಲೋ ಅಡಿಗೆಗೋ ಒಬ್ಬಿಬ್ಬರು ಸಂಬಳದವರಿದ್ದರೂ ಅದರ ಸ್ವಭಾವ ಕೆಡುವುದಿಲ್ಲ.

ಎಷ್ಟು ನ್ಯಾಯವಾದ ಗೆರೆ ನೋಡಿ! ಕುಷ್ಠರೋಗಿಯ ಗಾಯವನ್ನು ತಾನೇ ತೊಳೆಯುವ ಸಂನ್ಯಾಸಿನಿಯ ಸೇವೆಯನ್ನು ಈ ತೀರ್ಪು ಕೂಲಿಯೆಂದು ಕರೆಯಲಿಲ್ಲ. ಅದೇ ಸಂನ್ಯಾಸಿನಿಯ ಆಸ್ಪತ್ರೆಯಲ್ಲಿ ತಿಂಗಳ ಸಂಬಳಕ್ಕೆ ನೆಲ ಒರೆಸುವವಳ ಕೂಲಿಯನ್ನು ಸೇವೆಯೆಂದು ಕರೆದು ಮೋಸ ಮಾಡಲೂ ಬಿಡಲಿಲ್ಲ. ತ್ಯಾಗ ಮಾಡುವವನು ತನ್ನದನ್ನು ತ್ಯಾಗ ಮಾಡಲಿ. ಇನ್ನೊಬ್ಬನ ಸಂಬಳವನ್ನು ತ್ಯಾಗ ಮಾಡುವ ಅಧಿಕಾರ ಯಾವ ದೀಕ್ಷೆಯಿಂದಲೂ ಬರುವುದಿಲ್ಲ.

ಅಂಗಡಿಯ ಬಂಧುಗಳು ಇಲ್ಲೊಂದು ಮಾತನ್ನು ಗಮನಿಸಬೇಕು. ತಂದೆ ಮಗ ಕೂಡಿ ನಡೆಸುವ ಪುಟ್ಟ ಕಸಬನ್ನು ಹಿಡಿದು ಬಗ್ಗಿಸುವುದು ಈ ತೀರ್ಪಿನ ಉದ್ದೇಶವಾಗಿರಲಿಲ್ಲ. ಆದರೆ ನೀವು ಇಬ್ಬರು ಹುಡುಗರನ್ನು ಸಂಬಳಕ್ಕೆ ಇಟ್ಟುಕೊಂಡರೆ, ೧೯೬೧ರ ಅಂಗಡಿಗಳ ಕಾನೂನು ನಿಮ್ಮ ಬಾಗಿಲಿಗೆ ಬರುತ್ತದೆ. ವಾರದ ರಜ ಕೊಟ್ಟಿರಾ, ಹಾಜರಿ ಬರೆದಿರಾ ಎಂದು ಕೇಳುತ್ತದೆ. 'ಇವರು ನನ್ನ ಮಕ್ಕಳಿದ್ದಂತೆ' ಎಂದರೆ ಇನ್‌ಸ್ಪೆಕ್ಟರು ಒಪ್ಪುವುದಿಲ್ಲ. ಹತ್ತಡಿಯ ಅಂಗಡಿಗೆ ಇಲ್ಲದ ವಿನಾಯಿತಿ, ನೂರಾರು ಕೆಲಸದವರನ್ನಿಟ್ಟುಕೊಂಡು ಸಾವಿರಾರು ರೂಪಾಯಿ ಶುಲ್ಕ ಪಡೆಯುವ ಸಂಸ್ಥೆಗೆ ಯಾಕೆ?

ವೇಲೂರು ಮತ್ತು ಗೋವೆ

ಚರ್ಚಿನ ಸಂಸ್ಥೆಗಳು ಇನ್ನೊಂದು ವಾದವನ್ನೂ ಹೂಡಿದವು. ಸಂವಿಧಾನದ ೩೦ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ನಾವು ವಜಾ ಮಾಡಿದವನನ್ನು ಲೇಬರ್ ಕೋರ್ಟು ವಾಪಸು ಕೂರಿಸುವುದಾದರೆ ಆ ಹಕ್ಕು ಎಲ್ಲಿ ಉಳಿಯಿತು ಎಂಬುದೇ ಆ ವಾದ. ನಮ್ಮ ಕನ್ನಡ ನಾಡಿನ ರೋಗಿಗಳೂ ಹೋಗಿ ಬರುವ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯ ನೌಕರರ ಸಂಘಕ್ಕೂ ಆಡಳಿತಕ್ಕೂ ನಡೆದ ಮೊಕದ್ದಮೆ ಇದು. ಮದರಾಸು ಹೈಕೋರ್ಟು ಆಡಳಿತದ ವಾದವನ್ನು ಎತ್ತಿಹಿಡಿಯಿತು. ನೌಕರರು ಸುಪ್ರೀಂ ಕೋರ್ಟಿಗೆ ಹೋದರು.

೧೯೮೭ರ ಅಕ್ಟೋಬರಿನಲ್ಲಿ ತೀರ್ಪು ನೌಕರರ ಪರವಾಯಿತು. ಅದನ್ನು ಬರೆದವರು ನಮ್ಮ ಮಂಡ್ಯದ ಕಡೆಯವರಾದ, ಮುಂದೆ ೧೯೮೯ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು. ಕಾರ್ಮಿಕ ಕಾನೂನು ಯಾವ ಮತವನ್ನೂ ಗುರಿಯಿಟ್ಟು ಮಾಡಿದ್ದಲ್ಲ. ಎಲ್ಲ ಮಾಲೀಕರಿಗೂ ಒಂದೇ. ನ್ಯಾಯವಾಗಿ ವಿಚಾರಿಸಿ ತೀರ್ಮಾನಿಸುವ ನ್ಯಾಯಾಲಯದ ಮುಂದೆ ನಿಲ್ಲುವುದರಿಂದ ಸಂಸ್ಥೆಯನ್ನು ನಡೆಸುವ ಹಕ್ಕು ನಾಶವಾಗುವುದಿಲ್ಲ ಎಂಬುದು ಅದರ ಸಾರ. ನಡೆಸುವ ಹಕ್ಕು ಎಂದರೆ ಕೆಟ್ಟದಾಗಿ ನಡೆಸುವ ಹಕ್ಕಲ್ಲ.

ಮರು ವರ್ಷ, ೧೯೮೮ರಲ್ಲಿ, ಅವರೇ ಇನ್ನೊಂದು ತೀರ್ಪನ್ನು ಬರೆದರು. ಗೋವೆಯಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿನಿಯರ ಸಂಘ ನಡೆಸುತ್ತಿದ್ದ ಶಾಲೆಯಿಂದ ಒಬ್ಬ ಶಿಕ್ಷಕಿಯನ್ನು ತೆಗೆದುಹಾಕಿದ್ದರು. ಶಾಲೆ ಕೈಗಾರಿಕೆಯೇ ಹೌದು, ಆದರೆ ಶಿಕ್ಷಕಿ 'ಕಾರ್ಮಿಕ'ಳಲ್ಲ ಎಂದು ನ್ಯಾಯಾಲಯ ಹೇಳಿತು. ಪಾಠ ಹೇಳುವುದು ಮೈಕೆಲಸವೂ ಅಲ್ಲ, ಗುಮಾಸ್ತೆ ಕೆಲಸವೂ ಅಲ್ಲ ಎಂಬುದು ಕಾರಣ. ನಾವೂ ಹಲವು ವರ್ಷ ಸೀಮೆಸುಣ್ಣ ಹಿಡಿದವರು. ಈ ತೀರ್ಪು ನಮಗೆ ಹಿತವಾಗಲಿಲ್ಲ. ಆದರೂ ಅದರೊಳಗಿನ ಸತ್ಯವನ್ನು ಗಮನಿಸಿ. ಹಲಗೆಯ ಮುಂದೆ ನಿಂತವಳಿಗೆ ಲೇಬರ್ ಕೋರ್ಟಿನ ಬಾಗಿಲು ಮುಚ್ಚಿತು. ಹಲಗೆಯನ್ನು ಒರೆಸುವವಳಿಗೆ ತೆರೆದೇ ಇತ್ತು. ಶಿಕ್ಷಕರಿಗೆ ಗ್ರಾಚುಯಿಟಿ ಸಿಗಬೇಕಾದರೆ ೨೦೦೯ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ತಿದ್ದಿ, ೧೯೯೭ರ ಏಪ್ರಿಲ್ ೩ರಿಂದ ಅನ್ವಯಿಸುವಂತೆ ಮಾಡಬೇಕಾಯಿತು. ಆಯಾಳ ವಿಷಯದಲ್ಲಿ ಅಂಥ ತಿದ್ದುಪಡಿಯ ಅಗತ್ಯವೇ ಇರಲಿಲ್ಲ.

ತೆರಿಗೆಯ ಕಣ್ಣಿಗೆ ಸಂಬಳ

ಇನ್ನು ಪಾದ್ರಿಗಳ ಮತ್ತು ಸಂನ್ಯಾಸಿನಿಯರ ವಿಷಯ. ಸರ್ಕಾರದ ಅನುದಾನವಿರುವ ಶಾಲೆಗಳಲ್ಲಿ ಪಾಠ ಹೇಳುವ ಸಂನ್ಯಾಸಿನಿಯರಿಗೂ ಪಾದ್ರಿಗಳಿಗೂ ಸರ್ಕಾರ ಸಂಬಳ ಕೊಡುತ್ತದೆ. ಬಡತನದ ವ್ರತ ತೊಟ್ಟ ಅವರು ಆ ಹಣವನ್ನು ಇಟ್ಟುಕೊಳ್ಳದೆ ತಮ್ಮ ಸಂಘಕ್ಕೆ ಒಪ್ಪಿಸುತ್ತಾರೆ. ಚರ್ಚಿನ ನಿಯಮದಂತೆ ಅವರು ಲೌಕಿಕ ಆಸ್ತಿಯ ಮಟ್ಟಿಗೆ ಸತ್ತವರ ಸಮಾನ. ಬಹುಕಾಲ ಈ ಸಂಬಳದಲ್ಲಿ ಆದಾಯ ತೆರಿಗೆಯನ್ನು ಮುರಿಯುತ್ತಿರಲಿಲ್ಲ. ಆಮೇಲೆ ಇಲಾಖೆ ಮುರಿಯಬೇಕೆಂದು ಹಟ ಹಿಡಿಯಿತು. ಮೊಕದ್ದಮೆ ಮದರಾಸು ಮತ್ತು ಕೇರಳ ಹೈಕೋರ್ಟುಗಳನ್ನು ದಾಟಿ ದಿಲ್ಲಿಗೆ ಹೋಯಿತು.

೨೦೨೪ರ ನವೆಂಬರ್ ೭ರಂದು ಸುಪ್ರೀಂ ಕೋರ್ಟು ಸಂಘಗಳ ಮೇಲ್ಮನವಿಗಳನ್ನು ತಳ್ಳಿಹಾಕಿತು. ಹಿಂದೂ ಪೂಜಾರಿಯೊಬ್ಬ ತನ್ನ ಸಂಬಳವನ್ನು ಪೂಜೆಗೆ ಕೊಟ್ಟುಬಿಡುತ್ತೇನೆಂದರೂ ತೆರಿಗೆ ತಪ್ಪುವುದೇ ಎಂದು ಮುಖ್ಯ ನ್ಯಾಯಮೂರ್ತಿಗಳು ಕೇಳಿದರು. ಕೆಲಸಕ್ಕೆ ಸೇರಿದ್ದಾರೆ, ಸಂಬಳ ಬಂದಿದೆ. ಬಂದ ಮೇಲೆ ಯಾರಿಗೆ ಕೊಡುತ್ತಾರೆಂಬುದು ಅವರ ಇಚ್ಛೆ ಎಂಬುದೇ ಇದರ ಅರ್ಥ.

ಇದೇ ನ್ಯಾಯಾಲಯ ೨೦೧೪ರಲ್ಲಿ ಇನ್ನೊಂದು ಮಾತನ್ನೂ ಹೇಳಿತ್ತು. ಸೇಂಟ್ ಗೇಬ್ರಿಯಲ್ಲಿನ ಮಾಂಟ್‌ಫೋರ್ಟ್ ಸಹೋದರರ ಸಂಘದ ಒಬ್ಬ ಸಹೋದರ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಹೆಂಡತಿ ಮಕ್ಕಳಿಲ್ಲದವರು, ಅವರ ಸಂಬಳ ಸಂಘಕ್ಕೆ ಸೇರುತ್ತಿತ್ತು. ಪರಿಹಾರ ಯಾರಿಗೆ? ಸಂಘಕ್ಕೇ ಎಂದು ಕೋರ್ಟು ತೀರ್ಮಾನಿಸಿತು. ಒಂದರಲ್ಲಿ ಸಂಘಕ್ಕೆ ನಷ್ಟ, ಒಂದರಲ್ಲಿ ಲಾಭ. ಎರಡರಲ್ಲೂ ನ್ಯಾಯಾಲಯ ನೋಡಿದ್ದು ಬಟ್ಟೆಯ ಬಣ್ಣವನ್ನಲ್ಲ, ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ವಾಸ್ತವವನ್ನು.

ವಾಸ್ತವವನ್ನು ನೋಡಬೇಕೋ ಕಾಗದವನ್ನು ನೋಡಬೇಕೋ ಎಂಬ ಜಗಳ ಹೊರದೇಶಗಳಲ್ಲೂ ಇದೆ. ಅಲ್ಲಿ ಇದಕ್ಕಿಂತ ಘೋರವಾದ ವಿಷಯದಲ್ಲಿ. ಮಕ್ಕಳ ಮೇಲೆ ಪಾದ್ರಿಗಳೋ ಮತದ ಸಹೋದರರೋ ಮಾಡಿದ ಅತ್ಯಾಚಾರಕ್ಕೆ ಅವರ ಸಂಸ್ಥೆ ಹೊಣೆಯೇ? ೨೦೧೨ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಹೊಣೆಯೆಂದಿತು. ನೌಕರಿಯ ಕರಾರು ಇಲ್ಲದಿದ್ದರೇನು, ಸಂಬಂಧ ನೌಕರಿಯಂಥದೇ ಎಂಬುದು ಅದರ ಮತ. ೨೦೨೪ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಹೈಕೋರ್ಟು, ಪಾದ್ರಿ ಬಿಷಪ್ಪರ ನೌಕರನಲ್ಲ, ಆದ್ದರಿಂದ ಆ ಬಗೆಯ ಹೊಣೆ ಬಾರದು ಎಂದಿತು. ಒಂದು ಶಬ್ದವನ್ನು ಹೇಗೆ ಓದುತ್ತಾರೆಂಬುದರ ಮೇಲೆ ನೊಂದವನ ನ್ಯಾಯ ನಿಂತಿದೆ. ಶಬ್ದಗಳ ಜಗಳ ವಕೀಲರಿಗೆ ಬಿಟ್ಟದ್ದು ಎಂದು ನಾವು ಸುಮ್ಮನಿರಲಾಗದು.

ಹೊಸ ಸಂಹಿತೆಯ ಹೊಸ ಬಾಗಿಲು

ಈಗ ಗಂಡಾಂತರದ ಮಾತಿಗೆ ಬರೋಣ. ೧೯೭೮ರ ತೀರ್ಪು ಬಂದ ದಿನದಿಂದಲೂ ಅದನ್ನು ಕೆಡಹುವ ಪ್ರಯತ್ನ ನಿಂತಿಲ್ಲ. ೧೯೮೨ರಲ್ಲಿ ಪಾರ್ಲಿಮೆಂಟು ವ್ಯಾಖ್ಯೆಯನ್ನು ತಿದ್ದಿ ಆಸ್ಪತ್ರೆ, ಶಾಲೆ, ಧರ್ಮಸಂಸ್ಥೆಗಳನ್ನು ಹೊರಗಿಟ್ಟಿತು. ಆದರೆ ಹೊರಬಿದ್ದ ನೌಕರರ ದೂರನ್ನು ಕೇಳಲು ಬೇರೆ ಏರ್ಪಾಡಿಲ್ಲದ ಕಾರಣ ಆ ವ್ಯಾಖ್ಯೆಯನ್ನು ಯಾವ ಸರ್ಕಾರವೂ ಜಾರಿಗೆ ತರಲಿಲ್ಲ. ೨೦೦೫ರಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಈ ತೀರ್ಪನ್ನು ಮತ್ತೆ ಪರಿಶೀಲಿಸಬೇಕೆಂದಿತು. ೨೦೧೭ರಲ್ಲಿ ವಿಷಯವನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.

ಇಷ್ಟರಲ್ಲಿ ೨೦೨೦ರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಅಂಗೀಕಾರವಾಯಿತು. ೨೦೨೫ರ ನವೆಂಬರ್ ೨೧ರಿಂದ ಅದನ್ನು ಜಾರಿಗೆ ತಂದರು. ೧೯೪೭ರ ಹಳೆಯ ಕಾನೂನು ಹೋಯಿತು. ಹೊಸ ವ್ಯಾಖ್ಯೆಯಲ್ಲಿ ೧೯೭೮ರ ಮೂರು ಗುರುತುಗಳೇನೋ ಹೆಚ್ಚುಕಡಿಮೆ ಉಳಿದಿವೆ. ಆದರೆ ಕೆಳಗೆ ಒಂದು ಹೊರತು ಸೇರಿಸಿದ್ದಾರೆ. ಪೂರ್ತಿಯಾಗಿಯೋ ಬಹುಮಟ್ಟಿಗೋ ದಾನಧರ್ಮದ, ಸಮಾಜಸೇವೆಯ, ಪರೋಪಕಾರದ ಕಾರ್ಯದಲ್ಲಿ ತೊಡಗಿರುವ ಸಂಘಗಳ ಒಡೆತನದ ಅಥವಾ ಆಡಳಿತದ ಸಂಸ್ಥೆಗಳು ಕೈಗಾರಿಕೆಯಲ್ಲ!

ಬಂಧುಗಳೇ, ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ೧೯೭೮ರ ತೀರ್ಪು ಕೆಲಸವನ್ನು ನೋಡಿತು. ಈ ಸಂಹಿತೆ ಒಡೆತನವನ್ನು ನೋಡುತ್ತದೆ. ಹಾಜರಿ ಪುಸ್ತಕ ಇದೆಯೇ, ಮೇಸ್ತ್ರಿ ಇದ್ದಾನೆಯೇ, ಸಂಬಳ ಇದೆಯೇ ಎಂದು ತೀರ್ಪು ಕೇಳಿತು. ಕಟ್ಟಡದ ಮೇಲಿನ ಹಲಗೆಯಲ್ಲಿ ಯಾರ ಹೆಸರಿದೆ ಎಂದು ಸಂಹಿತೆ ಕೇಳುತ್ತದೆ.

ನಮ್ಮ ಆಯಾ ತಾಯಿಯ ಕೆಲಸ ಹೋದದ್ದು ೨೦೨೫ರ ಏಪ್ರಿಲಿನಲ್ಲಿ. ಆಕೆಗೆ ಹಳೆಯ ಕಾನೂನಿನ ನೆರಳುಂಟು. ಅದೇ ಗೇಟಿನಲ್ಲಿ, ಅದೇ ಪೊರಕೆ ಹಿಡಿದು, ಈಗ ಇನ್ನೊಬ್ಬಳು ಕೆಲಸ ಮಾಡುತ್ತಿರಬಹುದು. ನಾಳೆ ಅವಳನ್ನು ತೆಗೆದರೆ, 'ನಾವು ಪರೋಪಕಾರದ ಸಂಘ' ಎಂಬ ಹಲಗೆಯನ್ನು ಅವಳ ಮುಖಕ್ಕೆ ಹಿಡಿಯುತ್ತಾರೆ. ಶುಲ್ಕ ಪಡೆಯುವ ಶಾಲೆ ಪರೋಪಕಾರವೇ ಎಂಬುದನ್ನು ಅವಳು ವಾದಿಸಿ ಗೆಲ್ಲಬೇಕು. ಸಂಬಳವಿಲ್ಲದೆ, ವಕೀಲನಿಲ್ಲದೆ!

ಸರ್ಕಾರದ ಇಬ್ಬಗೆಯ ಕಣ್ಣನ್ನು ನೋಡಿ. ವ್ರತ ತೊಟ್ಟ ಸಂನ್ಯಾಸಿನಿ, 'ಇದು ಸಂಬಳವಲ್ಲ, ಸೇವೆ' ಎಂದರೆ ತೆರಿಗೆ ಇಲಾಖೆ ಒಪ್ಪುವುದಿಲ್ಲ. ವ್ರತವನ್ನೇ ತೊ‌ಡದ ಆಯಾ, 'ಇದು ಸೇವೆಯಲ್ಲ, ಸಂಬಳ' ಎಂದರೆ ಕಾರ್ಮಿಕ ಸಂಹಿತೆ ಕೇಳುವುದಿಲ್ಲ. ವಸೂಲಿಗೆ ಬಂದಾಗ ಸಂಬಳ, ಸಲ್ಲಿಕೆಗೆ ಬಂದಾಗ ಸೇವೆ. ಇದು ಧರ್ಮವೂ ಅಲ್ಲ, ನ್ಯಾಯವೂ ಅಲ್ಲ.

ನಾವು ಮಾಡಬೇಕಾದದ್ದು

ಭಾಷಣ ಕೇಳಿ ಎದ್ದು ಹೋದರೆ ಪ್ರಯೋಜನವಿಲ್ಲ. ಕೆಲವು ಕೆಲಸಗಳನ್ನು ನಾವೇ ಮಾಡಿಕೊಳ್ಳಬೇಕು.

ಒಂದು, ಕಾಗದ. ಶಾಲೆ, ಆಸ್ಪತ್ರೆ, ಮಠ, ಚರ್ಚು ಎಲ್ಲೇ ಕೆಲಸ ಮಾಡುವವರಾಗಲಿ, ನೇಮಕದ ಪತ್ರ, ಗುರುತಿನ ಚೀಟಿ, ಸಂಬಳ ಬಿದ್ದ ಬ್ಯಾಂಕಿನ ಪಾಸ್‌ಬುಕ್ಕು, ಪ್ರಾವಿಡೆಂಟ್ ಫಂಡಿನ ಸಂಖ್ಯೆ ಇವನ್ನು ಮನೆಯಲ್ಲಿ ಜೋಪಾನವಾಗಿಡಿ. ಹದಿನಾಲ್ಕು ವರ್ಷ ದುಡಿದಳೆಂಬುದಕ್ಕೆ ನಮ್ಮ ಆ ತಾಯಿಯ ಬಳಿ ಮೊದಲು ಸಿಕ್ಕಿದ್ದು ವಾರ್ಷಿಕೋತ್ಸವದ ಒಂದು ಗುಂಪಿನ ಚಿತ್ರ. ಬಳಿಕ ಪಾಸ್‌ಬುಕ್ಕು ಸಿಕ್ಕಿತು, ಜೀವ ಬಂದಂತಾಯಿತು.

ಎರಡು, ಯಜಮಾನ ಯಾರೆಂದು ತಿಳಿಯಿರಿ. ದೇವರ ಮೇಲೆ ದಾವೆ ಹಾಕಲಾಗದು; ಹಾಕಬೇಕಾಗಿಯೂ ಇಲ್ಲ. ಪ್ರತಿಯೊಂದು ಚರ್ಚಿನ ಹಿಂದೆಯೂ ಕಾನೂನಿನ ಒಂದು ದೇಹವಿರುತ್ತದೆ: ಟ್ರಸ್ಟೋ, ಸೊಸೈಟಿಯೋ, ಕಂಪೆನಿಯೋ. ದಕ್ಷಿಣ ಭಾರತದ ಸಭೆ ೧೯೪೭ರ ಸೆಪ್ಟೆಂಬರಿನಲ್ಲಿ ಒಂದಾದಾಗ ಅದರ ಆಸ್ತಿಯನ್ನು ಹಿಡಿದುಕೊಳ್ಳಲು ಕಂಪೆನಿ ಕಾನೂನಿನ ಕೆಳಗೇ ಒಂದು ಟ್ರಸ್ಟ್ ಅಸೋಸಿಯೇಷನ್ನನ್ನು ನೋಂದಾಯಿಸಿದರು. ಸಂಬಳ ಯಾವ ಹೆಸರಿನಿಂದ ಬರುತ್ತದೆಂಬುದನ್ನು ಪಾಸ್‌ಬುಕ್ಕೇ ಹೇಳುತ್ತದೆ. ನೋಟೀಸು ಆ ಹೆಸರಿಗೆ ಹೋಗಬೇಕು.

ಮೂರು, ಲೆಕ್ಕ. ೧೯೭೨ರ ಗ್ರಾಚುಯಿಟಿ ಕಾನೂನು ೧೯೯೭ರಿಂದ ಹತ್ತು ಜನರಿಗೆ ಕಡಿಮೆಯಿಲ್ಲದ ವಿದ್ಯಾಸಂಸ್ಥೆಗಳಿಗೂ ಅನ್ವಯಿಸಿತು. ಐದು ವರ್ಷ ತುಂಬಿದವರಿಗೆ, ದುಡಿದ ಪ್ರತಿ ವರ್ಷಕ್ಕೂ ಹದಿನೈದು ದಿನದ ಸಂಬಳ. ತಿಂಗಳ ಸಂಬಳವನ್ನು ೨೬ರಿಂದ ಭಾಗಿಸಿ ೧೫ರಿಂದ ಗುಣಿಸಬೇಕು. ಉದಾಹರಣೆಗೆ ಕೊನೆಯ ಸಂಬಳ ೧೩,೦೦೦ ರೂಪಾಯಿ ಎನ್ನಿ. ೨೬ರಿಂದ ಭಾಗಿಸಿದರೆ ದಿನಕ್ಕೆ ೫೦೦. ಹದಿನೈದು ದಿನಕ್ಕೆ ೭,೫೦೦. ಹದಿನಾಲ್ಕು ವರ್ಷಕ್ಕೆ ೧,೦೫,೦೦೦ ರೂಪಾಯಿ. ಒಂದು ಸೀರೆ, ಒಂದು ಬುಟ್ಟಿ ಹಣ್ಣು ಎಲ್ಲಿ, ಒಂದು ಲಕ್ಷದ ಐದು ಸಾವಿರ ಎಲ್ಲಿ! ನೋಟೀಸು ಕೊಡದೆ, ಕಾರಣ ಹೇಳದೆ ತೆಗೆದುಹಾಕಿದ್ದರೆ ಅದರ ಪರಿಹಾರ ಬೇರೆ.

ನಾಲ್ಕು, ಒಗ್ಗಟ್ಟು. ಒಬ್ಬಳು ಕೇಳಿದರೆ ಕೃತಘ್ನಳು ಎನ್ನುತ್ತಾರೆ. ನಲವತ್ತು ಜನ ಕೇಳಿದರೆ ಕುರ್ಚಿ ಹಾಕಿ ಕೂರಿಸುತ್ತಾರೆ. ಕಾರ್ಖಾನೆಯ ಕಾರ್ಮಿಕ ಬಂಧುಗಳೇ, ಇದು ನಮ್ಮ ವಿಷಯವಲ್ಲ ಎನ್ನಬೇಡಿ. ಇವತ್ತು ಧರ್ಮದ ಹಲಗೆ ಹಾಕಿಕೊಂಡವನಿಗೆ ವಿನಾಯಿತಿ ಸಿಕ್ಕರೆ, ನಾಳೆ ನಿಮ್ಮ ಮಾಲೀಕನ ಹೆಂಡತಿಯ ಹೆಸರಿನಲ್ಲೂ ಒಂದು ಪರೋಪಕಾರದ ಟ್ರಸ್ಟು ಹುಟ್ಟುತ್ತದೆ. ನಿಮ್ಮ ಕ್ಯಾಂಟೀನು, ನಿಮ್ಮ ಆಸ್ಪತ್ರೆ ಅದರ ಆಡಳಿತಕ್ಕೆ ಹೋಗುತ್ತವೆ.

ಸರ್ಕಾರದ ಮುಂದೆ ನಾವಿಡುವ ಬೇಡಿಕೆ ಒಂದೇ. ಸಂಹಿತೆಯಲ್ಲಿರುವ ಈ ಹೊರತನ್ನು ತೆಗೆದುಹಾಕಬೇಕು; ಇಲ್ಲವೇ ೧೯೭೮ರ ಮೂರನೆಯ ಬಗೆಗೆ, ಅಂದರೆ ದೀಕ್ಷೆಯವರು ತಾವೇ ಕೈಯಾರೆ ದುಡಿಯುವ ಸಂಸ್ಥೆಗಳಿಗೆ ಮಾತ್ರ, ಅದನ್ನು ಸೀಮಿತಗೊಳಿಸಬೇಕು. ಚರ್ಚುಗಳ, ಮಠಗಳ ಹಿರಿಯರಲ್ಲಿ ನಮ್ಮ ಪ್ರಾರ್ಥನೆಯೂ ಒಂದೇ. ಕಾನೂನು ನಿಮ್ಮನ್ನು ಬಿಟ್ಟರೂ ನೀವು ಆ ರಿಯಾಯಿತಿಯನ್ನು ಬಳಸಬೇಡಿ. ಕೂಲಿಯವನ ಕೂಲಿಯನ್ನು ತಡೆಹಿಡಿಯಬಾರದೆಂದು ನಿಮ್ಮ ಧರ್ಮಗ್ರಂಥಗಳೂ ಹೇಳುತ್ತವೆ ಎಂಬುದನ್ನು ನಾವು ನಿಮಗೆ ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಆ ತಾಯಿಯ ಪ್ರಶ್ನೆ. ಕೇಳಿದರೆ ಪಾಪವೇ? ಈ ಸಭೆಗೆ ಬರುವ ಮುಂಚೆ ನಾವು ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ. ನೀನು ಕೊಟ್ಟ ಪ್ರೀತಿಯನ್ನು ಯಾರೂ ಲೆಕ್ಕ ಹಾಕಿಲ್ಲ, ಹಾಕಲೂ ಆಗದು. ಅದು ಆ ಮಕ್ಕಳಿಗೆ ಸೇರಿತು. ನೀನು ಕೇಳುತ್ತಿರುವುದು ದುಡಿಮೆಯ ಬಾಕಿ. ಬಾಕಿಯನ್ನು ಕೇಳುವುದು ಪಾಪವಲ್ಲ. ಆಕೆ ನೋಟೀಸಿಗೆ ರುಜು ಹಾಕಿದ್ದಾಳೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಬೇಕಾಗಿ ಬಂದರೆ ಆಕೆ ಒಬ್ಬಳೇ ಹೋಗಬಾರದು. ನಿಮ್ಮಲ್ಲಿ ಯಾರು ಯಾರು ಜೊತೆಗೆ ಬರುತ್ತೀರೋ, ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಿ.